ಕೂದಲಿಗೆ ಸಿಕ್ಕ ಚಮಚ

ಕಕ್ಕಡದಲ್ಲಿ ನಾನು ಮೂವತ್ಮೂರು ಕಿಲೋ.
ಹದಿನೆಂಟನೆಯ ದಿನ ಅಕ್ಕ ಮದ್ದುಸೊಪ್ಪಿನ ಪಾಯಸ ಮಾಡಿ
ನೇರಳೆ ಬಣ್ಣದ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದಳು.
ಕ್ಷಯ ಹಿಡಿದ ಕರುಳು
ಅದನ್ನೂ ಬಂದ ದಾರಿಗೇ ಕಳಿಸಿತು.
ಆಗ ಜಡೆ ಗಟ್ಟಿಯಿತ್ತು.
ಮಂಚದಂಚಿನಿಂದ ಇಳಿಬಿದ್ದು
ನನಗಿಂತ ಆರೋಗ್ಯವಾಗಿ ತೂಗುತ್ತಿತ್ತು.

ಈಗ ಕಾವೇರಿ ಸಂಕ್ರಮಣ ಕಳೆದಿದೆ.
ಗುಳಿಗೆ ಹಿಡಿಸಿದೆ. ಹಸಿವು ಬಂದಿದೆ.
ಎಂಥಾ ಹಸಿವು!
ರಾತ್ರಿ ಎರಡಕ್ಕೆ ಎದ್ದು, ಲೈಟು ಹಾಕದೆ,
ತಣ್ಣಗಿನ ಕಡಂಬುಟ್ಟನ್ನು ಕಳ್ಳಿಯ ಹಾಗೆ ನುಂಗುವ ಹಸಿವು.
ನಲವತ್ತೊಂದು ಕಿಲೋ ಎಂದು ಕಾರ್ಡಿನಲ್ಲಿ ಬರೆದು
ಆಶಾ ಕಾರ್ಯಕರ್ತೆ ಸರಸು ಅದರ ಕೆಳಗೆ ಎರಡು ಗೆರೆ ಎಳೆದಳು.
ಈಗ ಉದುರುತ್ತಿದೆ.
ಈಗ!

ದಿಂಬಿನಲ್ಲಿ, ಬಚ್ಚಲ ಜಾಲರಿಯಲ್ಲಿ, ಸ್ವೆಟರಿನ ತೋಳಲ್ಲಿ.
ಮೊಟ್ಟೆಸಾರಿನಲ್ಲಿ ಒಂದು.
ಅಕ್ಕನ ಮಗ ಪೂವಣ್ಣ, ಆರು ವರ್ಷ,
ಏನೂ ಹೇಳದೆ ಅದನ್ನು ತಟ್ಟೆಯಂಚಿಗೆ ಸರಿಸಿಟ್ಟು
ಊಟ ಮುಂದುವರಿಸಿದ.
ಅವನು ಅತ್ತಿದ್ದರೆ ಚೆನ್ನಾಗಿತ್ತು.

ಮಡಿಕೇರಿಯ ಡಾಕ್ಟರು ಹೇಳಿದರು:
‘ಕೂದಲು ಮೂರು ತಿಂಗಳ ಹಿಂದಿನ ಪೇಪರ್ ಓದ್ತಾ ಇದೆ.
ನೀವು ಉಣ್ಣದೆ ಮಲಗಿದ್ದ ಸುದ್ದಿ ಅದಕ್ಕೆ ಈಗ ಮುಟ್ಟಿದೆ.’
ಬಸ್ಸಿಳಿಯುವ ತನಕ ಅದನ್ನೇ ಯೋಚಿಸಿದೆ.
ಅದಕ್ಕೆ ಯಾರು ಹೇಳಬೇಕು,
ಮಾರಾಯ್ತಿ, ಅದೆಲ್ಲ ಮುಗಿಯಿತು,
ಇವತ್ತು ಬೆಳಿಗ್ಗೆ ಎರಡು ಮೊಟ್ಟೆ ತಿಂದೆ ಅಂತ?

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹನ್ನೊಂದು ವರ್ಷ ಕಾಫಿಬೀಜ ಆರಿಸಿದ ಕೈ ಇದು.
ಕರಿಕಾದ್ದು, ಒಡೆದದ್ದು, ಹುಳು ಕೊರೆದದ್ದು,
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.
ಈಗ ಬಾಚಣಿಗೆಯಿಂದ ಆರಿಸುತ್ತದೆ:
ನೂರಾ ಹತ್ತು. ನೂರಾ ಹನ್ನೊಂದು.
ಎಣಿಸಬೇಡ ಅನ್ನುತ್ತಾಳೆ ಅಕ್ಕ.
ಎಣಿಸದೆ ಇರುವ ಕೆಲಸ ನಾನು ಕಲಿತಿಲ್ಲ.

ಒಬ್ಬೊಬ್ಬರದು ಒಂದೊಂದು ಮದ್ದು.
ಈರುಳ್ಳಿ ರಸ ಹಚ್ಚಿ ವಾರವಿಡೀ
ನನ್ನ ತಲೆ ಮದುವೆಮನೆಯ ಅಡಿಗೆಕೋಣೆ.
ಪಕ್ಕದ ಮನೆಯ ಕುಂಞಾಮಿನ ಮಾತ್ರ ಮದ್ದು ಹೇಳಲಿಲ್ಲ.
ತನ್ನದೊಂದು ಹಸಿರು ಶಾಲು ತಂದು
ಹೊಳೆಗಾಳಿಗೆ ಜಾರದ ಹಾಗೆ
ಪಿನ್ನು ಎಲ್ಲಿ ಚುಚ್ಚಬೇಕೆಂದು ತೋರಿಸಿ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಬೈಲಕುಪ್ಪೆಯ ಸನ್ಯಾಸಿನಿಯರು ಮೂವರು,
ನುಣ್ಣನೆ ತಲೆ, ಕೈಯಲ್ಲಿ ಚುರುಮುರಿ.
ಚಿಕ್ಕವಳು ಖಾರಕ್ಕೆ ಬಾಯಿ ಊದುತ್ತಾ ನಕ್ಕಳು.
ಅವರದು ಬಿಟ್ಟದ್ದು,
ನನ್ನದು ಬಿದ್ದದ್ದು.
ಆದರೂ ಅವಳ ನೆತ್ತಿಯ ಮೇಲೆ ಬಿಸಿಲು ಹಾಯಾಗಿ ಕೂತಿತ್ತು.

ಬುಧವಾರ ಮೊಪೆಡ್ಡಿನಲ್ಲಿ ಅವನು ಬಂದ,
‘ಕೂದಲು ಕೊಡಿ, ಸ್ಟೀಲ್ ಪಾತ್ರೆ!’
ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟ ಕವರು ತಂದೆ.
ಅವನು ಎಳೆಯೊಂದನ್ನು ಬೆಳಕಿಗೆ ಹಿಡಿದ.
‘ಜೀವ ಇಲ್ಲಮ್ಮಾ. ಕಾಯಿಲೆದಾ?’
‘ಹಸಿವಿಂದು’ ಅಂದೆ.
ಅವನು ತಕ್ಕಡಿಯನ್ನು ನೋಡಿದ, ನನ್ನ ಶಾಲನ್ನು ನೋಡಿದ.
ತಟ್ಟೆಗೆ ಸಾಲದು, ಬಟ್ಟಲಿಗೆ ಸಾಲದು.
ಮೂಟೆಯ ತಳದಿಂದ ಒಂದು ಚಮಚ ತೆಗೆದು
ಅಂಗಿಯಂಚಿಗೆ ಒರೆಸಿ ಕೊಟ್ಟ.

ಅದರಲ್ಲೇ ಉಣ್ಣುತ್ತಿದ್ದೇನೆ.
ಕುಳಿಯಲ್ಲಿ ನೋಡಿದರೆ ನಾನು ತಲೆಕೆಳಗು.
ಬೆನ್ನಲ್ಲಿ ನೋಡಿದರೆ ಬರೀ ಹಣೆ,
ಕುಶಾಲನಗರದಷ್ಟು ಅಗಲ.
ಈ ಗಂಜಿ, ಈ ತುಪ್ಪದ ಸುದ್ದಿ ಅಲ್ಲಿಗೆ ಮುಟ್ಟಲು
ಪುತ್ತರಿ ಕಳೆಯಬೇಕು,
ಕಾಫಿ ಕೊಯ್ಲು ಅರ್ಧ ಆಗಬೇಕು.
ಕೆಲಸಕ್ಕೆ ಮರಳಿದರೆ ಎಲ್ಲರ ತಲೆಗೂ ಒಂದೇ ನೀಲಿ ಟೋಪಿ,
ಮೂಟೆಯಲ್ಲೊಂದು ಕೂದಲು ಸಿಕ್ಕರೆ ರೈಟರ ಬೈಗುಳ.
ಸಿಗಲಿ, ಬೈಯಲಿ.

ಇನ್ನೊಂದು ಸೌಟು ಹಾಕಲಾ, ಅಂತ ಒಳಗಿಂದ ಅಕ್ಕ.
ಹಾಕು.